ಚೀಟಿ ಎತ್ತದೆ ಎರಡು ಚಿಕಿತ್ಸೆ ಹೋಲಿಸುವುದು ಹೇಗೆ?

ಎರಡು ಔಷಧಿಗಳಲ್ಲಿ ಯಾವುದು ಮೇಲು? ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ ನೋಡುವುದೇ ಒಳ್ಳೆಯ ದಾರಿ. ಅದಕ್ಕೆ ದುಡ್ಡು, ಸಮಯ ಇಲ್ಲದಾಗ ಹಳೆಯ ಕೇಸ್ ಶೀಟುಗಳೇ ಗತಿ. ಎಂ.ಡಿ. ಥೀಸಿಸ್‌ಗಳಲ್ಲಿ ಇಂಥ ಹೋಲಿಕೆ ಜಾಸ್ತಿ, ಕೆಡುವುದೂ ಜಾಸ್ತಿ.

1. ಚೀಟಿ ಎತ್ತಿ ಮಾಡಬೇಕಿದ್ದ, ಆದರೆ ಮಾಡಲಾಗದ ಆ ಪ್ರಯೋಗವನ್ನು (ಟ್ರಯಲ್) ಮೊದಲು ಒಂದು ಪುಟದಲ್ಲಿ ಬರೆಯಿರಿ. ಯಾರು ಸೇರಬಹುದು, ಯಾವ ಚಿಕಿತ್ಸೆ, ಎಂದಿನಿಂದ ಎಲ್ಲಿಯವರೆಗೆ ಎಣಿಕೆ, ಏನಾದರೆ ಫಲಿತಾಂಶ. ಎಕ್ಸೆಲ್ ಶೀಟ್ ತೆರೆಯುವುದು ಆಮೇಲೆ. ಹಳೇ ದಾಖಲೆ ತಾನೇ ಅಂತ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕದೆ ಇರಬೇಡಿ.

2. ಹೊಸದಾಗಿ ಔಷಧಿ ಶುರು ಮಾಡಿದವರನ್ನಷ್ಟೇ ತೆಗೆದುಕೊಳ್ಳಿ. 1976ರಲ್ಲಿ ಶುರುವಾದ ಅಮೆರಿಕದ ನರ್ಸ್‌ಗಳ ಅಧ್ಯಯನದಲ್ಲಿ, ಮುಟ್ಟು ನಿಂತ ಮೇಲೆ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದವರಿಗೆ ಹೃದಯದ ಕಾಯಿಲೆ ಕಡಿಮೆ ಅಂತ ಕಂಡಿತ್ತು. ಹಾರ್ಮೋನನ್ನು ಚೀಟಿ ಎತ್ತಿ ಪರೀಕ್ಷಿಸಿದ 16,608 ಮಹಿಳೆಯರ ಟ್ರಯಲ್ 2002ರಲ್ಲಿ ನಿಂತಾಗ ಕಂಡದ್ದು ಉಲ್ಟಾ. ಅಪಾಯ ಜಾಸ್ತಿ, ಅದರಲ್ಲೂ ಮೊದಲ ವರ್ಷ. ಮೊದಲಿನಿಂದಲೂ ನುಂಗುತ್ತಿರುವವರನ್ನು ಹಿಡಿದರೆ ಆ ಮೊದಲ ವರ್ಷದಲ್ಲಿ ಪೆಟ್ಟು ತಿಂದವರು ಲೆಕ್ಕಕ್ಕೇ ಸಿಗುವುದಿಲ್ಲ, ಅಲ್ವಾ? ನರ್ಸ್‌ಗಳ ಅದೇ ಮಾಹಿತಿಯನ್ನು 2008ರಲ್ಲಿ, ಔಷಧಿ ಶುರು ಮಾಡಿದ ದಿನದಿಂದ ಎಣಿಸಿದಾಗ ಉತ್ತರ ಟ್ರಯಲ್‌ಗೆ ಹತ್ತಿರ ಬಂತು.

ಇನ್ನೊಂದು ಮಾತು. ಔಷಧಿ ಪಡೆದವರನ್ನು ಏನೂ ಪಡೆಯದವರ ಜೊತೆ ಆದಷ್ಟೂ ಹೋಲಿಸಬೇಡಿ. ಅದೇ ಕಾಯಿಲೆಗೆ, ಅದೇ ಹಂತದಲ್ಲಿ ಬೇರೆ ಔಷಧಿ ಪಡೆದವರನ್ನು ಹುಡುಕಿ.

3. ಸೊನ್ನೆ ದಿನ ಗೊತ್ತು ಮಾಡಿ. ಬಹಳ ಜನ ಎಡವುವುದು ಇಲ್ಲೇ. ರೋಗಿ ಅರ್ಹನಾಗುವುದು, ಗುಂಪಿಗೆ ಸೇರುವುದು, ಎಣಿಕೆ ಶುರುವಾಗುವುದು, ಮೂರೂ ಒಂದೇ ದಿನ ಆಗಬೇಕು. ಹೃದಯಾಘಾತವಾದವರು ಜನವರಿ 1ರಂದು ಡಿಸ್ಚಾರ್ಜ್ ಆಗಿ, ಏಪ್ರಿಲ್ 1ರಂದು ಮಾತ್ರೆ ಶುರು ಮಾಡಿದರು ಅನ್ನಿ. ಅವರನ್ನು ಜನವರಿಯಿಂದಲೇ ಮಾತ್ರೆ ಗುಂಪಿನಲ್ಲಿ ಎಣಿಸಿದರೆ ಮೂರು ತಿಂಗಳ ಆಯಸ್ಸು ಮಾತ್ರೆಗೆ ಪುಕ್ಕಟೆ ಸಿಕ್ಕಿತು. ಮಾತ್ರೆ ಶುರುವಾಗುವ ಮೊದಲೇ ಫೆಬ್ರವರಿಯಲ್ಲಿ ತೀರಿಕೊಂಡವರೆಲ್ಲ ಎದುರು ಗುಂಪಿನ ಖಾತೆಗೆ! ಆ ಮಾತ್ರೆಯ ಬದಲು ಸಕ್ಕರೆ ಕೊಟ್ಟಿದ್ದರೂ ಗೆಲ್ಲುತ್ತಿತ್ತು. ಹೃದಯ ಕಸಿಯ ಮೊದಲ ವರ್ಷಗಳಲ್ಲಿ ಆದದ್ದೂ ಇದೇ. ಹೃದಯಕ್ಕಾಗಿ ಕಾಯುತ್ತಲೇ ತೀರಿಕೊಂಡವರು ‘ಕಸಿ ಆಗದವರು’ ಅನ್ನಿಸಿಕೊಂಡರು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಮಿಚೆಲ್ ಗೇಲ್ 1972ರಲ್ಲೇ ಇದನ್ನು ಎತ್ತಿ ತೋರಿಸಿದ್ದರು.

ಬಿಡಿಸಿಕೊಳ್ಳುವ ದಾರಿಗಳಿವೆ. ಎರಡೂ ಗುಂಪಿಗೆ ಔಷಧಿ ಇದ್ದರೆ ಡಾಕ್ಟರ್ ಮೊದಲ ಔಷಧಿ ಚೀಟಿ ಬರೆದ ದಿನವೇ ಸೊನ್ನೆ. ನನಗೆ ಇದೇ ಇಷ್ಟ. ಇಲ್ಲವಾದರೆ ಆ ಮೂರು ತಿಂಗಳನ್ನು ‘ಮಾತ್ರೆ ಇಲ್ಲದ’ ಖಾತೆಗೆ ಬರೆಯಿರಿ. 90ನೇ ದಿನಕ್ಕೆ ಬದುಕಿದ್ದವರನ್ನಷ್ಟೇ ಹಿಡಿದು ಅಂದಿನಿಂದ ಎಣಿಸುವುದು ಸುಲಭ, ಆದರೆ ಆಗ ಉತ್ತರ 90 ದಿನ ದಾಟಿದವರಿಗೆ ಮಾತ್ರ ಅನ್ವಯ. ಇದನ್ನು ಬರೆಯದೆ ನುಂಗಿಬಿಡುವವರು ಬಹಳ.

4. ಈ ರೋಗಿಗೆ ಈ ಔಷಧಿಯೇ ಯಾಕೆ ಅಂತ ಚೀಟಿ ಬರೆಯುವ ಡಾಕ್ಟರನ್ನೇ ಕೇಳಿ, ಪಟ್ಟಿ ಮಾಡಿ. ವಯಸ್ಸು, ಕಿಡ್ನಿ, ಔಷಧಿಯ ಬೆಲೆ, ಹೀಗೆ. ಸೊನ್ನೆ ದಿನಕ್ಕೆ ಮೊದಲಿನ ಅಳತೆಗಳನ್ನಷ್ಟೇ ಬಳಸಿ. ‘ಪಿ’ ಮೌಲ್ಯ (ವ್ಯತ್ಯಾಸ ಬರೀ ಆಕಸ್ಮಿಕವೇ ಅಂತ ಅಳೆಯುವ ಅಂಕಿ) ನೋಡಿ ಪಟ್ಟಿಯಿಂದ ಹೆಸರು ಹೊಡೆಯುವ ಚಾಳಿ ಬಿಡಿ. ಗುಂಡಿ ಒತ್ತಿದರೆ ಪ್ರೊಪೆನ್ಸಿಟಿ ಸ್ಕೋರ್ (ಈ ರೋಗಿಗೆ ಈ ಔಷಧಿ ಸಿಗುವ ಸಾಧ್ಯತೆ ಎಷ್ಟು ಅನ್ನುವ ಅಂಕಿ) ಉದುರಿಸುವ ಸಾಫ್ಟ್‌ವೇರ್‌ಗಳಿವೆ. ನೀವು ಅಳೆಯದೇ ಬಿಟ್ಟದ್ದನ್ನು ಯಾವುದೂ ಸರಿ ಮಾಡುವುದಿಲ್ಲ.

5. ಆ ಪಟ್ಟಿಯಲ್ಲಿನ ವ್ಯತ್ಯಾಸಗಳನ್ನು ಸರಿದೂಗಿಸಿ ಎರಡು ಗುಂಪುಗಳ ಲೆಕ್ಕ ಹಾಕಿ.

6. ಔಷಧಿ ಕೆಲಸ ಮಾಡಲು ಸಾಧ್ಯವೇ ಇಲ್ಲದ ಕಡೆ ಪರೀಕ್ಷಿಸಿ. ಫ್ಲೂ ಲಸಿಕೆ ಹಾಕಿಸಿಕೊಂಡ ವೃದ್ಧರಲ್ಲಿ ಸಾವು ಕಡಿಮೆ ಅನ್ನುತ್ತಿದ್ದರು. ಫ್ಲೂ ಕಾಲ ಶುರುವಾಗುವ ಮೊದಲೇ ಅವರಲ್ಲಿ ಸಾವು ಕಡಿಮೆಯಿತ್ತು ಅಂತ 2006ರಲ್ಲಿ ಸಿಯಾಟಲ್‌ನ ಸಂಶೋಧಕರು ತೋರಿಸಿದರು. ಅಂದರೆ ಗಟ್ಟಿಮುಟ್ಟಾದವರೇ ಹೋಗಿ ಚುಚ್ಚಿಸಿಕೊಂಡಿದ್ದರು. ನಿಮ್ಮ ಲೆಕ್ಕದಲ್ಲೂ ಹಾಗೆ ಕಂಡರೆ ನಾಲ್ಕನೇ ಹಂತದ ಪಟ್ಟಿಗೆ ವಾಪಸ್ ಹೋಗಿ. ಆಗಲೂ ಆ ವ್ಯತ್ಯಾಸ ಹೋಗದಿದ್ದರೆ, ಗೈಡ್ ಮುಖ ಸಿಂಡರಿಸಿದರೂ, ಆ ದಾಖಲೆಗಳಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಅಂತಲೇ ಬರೆಯಿರಿ.