ಸೀ ಹ್ಯಾರಿಯರ್ ರೆಕ್ಕೆಗೆ ಟ್ಯಾಂಕ್ ಜೋಡಿಸಿದ್ದು

ಕಲಬುರಗಿಯಲ್ಲಿ ಪ್ಲಾಸ್ಟಿಕ್ ವಿಮಾನದ ಮಾದರಿ ಕಟ್ಟುವವರು ಕಡಿಮೆ. ಕಿಟ್ ಆನ್‌ಲೈನ್‌ನಲ್ಲೇ ತರಿಸಬೇಕು, ಉಳಿದದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ನಾನು ಕಟ್ಟಿದ್ದು ನಮ್ಮ ನೌಕಾಪಡೆಯಲ್ಲಿ 2016ರವರೆಗೆ ಇದ್ದ ಸೀ ಹ್ಯಾರಿಯರ್ ಯುದ್ಧವಿಮಾನ, 1/72 ಅಳತೆಯದು, ಅಂದರೆ ಉದ್ದ ಅಗಲ ಎಲ್ಲ ನಿಜವಾದದ್ದರ 72ನೇ ಒಂದು ಭಾಗ. ಇಲ್ಲಿ ಬರೆಯುತ್ತಿರುವುದು ಅದರ ರೆಕ್ಕೆ ಕೆಳಗಿನ ಎರಡು ಇಂಧನ ಟ್ಯಾಂಕ್ ಬಗ್ಗೆ ಮಾತ್ರ, ಜಾಸ್ತಿ ತಲೆ ತಿಂದಿದ್ದು ಅವೇ.

ಗಮ್ ಮುಟ್ಟುವ ಮೊದಲೇ ಯಾವ ಟ್ಯಾಂಕ್ ಅಂತ ತೀರ್ಮಾನಿಸಿಕೊಳ್ಳಿ. ಈ ವಿಮಾನಕ್ಕೆ 100, 190, 330 ಗ್ಯಾಲನ್ನಿನವು ಇದ್ದವು, ಬ್ರಿಟಿಷ್ ಗ್ಯಾಲನ್ ಲೆಕ್ಕ. 330ರದ್ದು ದೂರದ ಊರಿಗೆ ವಿಮಾನ ಸಾಗಿಸಲು. ನೋಡಲು ಭರ್ಜರಿ, ಆದರೆ ನಮ್ಮ ಹಳೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿರಾಟ್ ಡೆಕ್ ಮೇಲೆ ನಿಂತ ಯುದ್ಧವಿಮಾನಕ್ಕೆ ಅದು ಒಪ್ಪುವುದಿಲ್ಲ. ಹ್ಯಾರಿಯರ್ ಆ ಡೆಕ್ ಮೇಲೆ ಸ್ವಲ್ಪ ದೂರ ಓಡಿ, ಡೆಕ್ ತುದಿಯಲ್ಲಿ ಮೇಲಕ್ಕೆ ಬಾಗಿದ 12 ಡಿಗ್ರಿ ಏರು, ಅಂದರೆ ಸ್ಕೀ ಜಂಪ್, ಹತ್ತಿ ಹಾರಬೇಕಿತ್ತು. ಇಂಧನ ಲೀಟರಿಗೆ ಸುಮಾರು 800 ಗ್ರಾಂ ತೂಗುತ್ತದೆ, ಮೇಲಾಗಿ ವಾಪಸ್ ಬಂದಾಗ ಎಂಜಿನ್ ಬಲದ ಮೇಲೇ ನೆಟ್ಟಗೆ ಇಳಿಯಬೇಕಿತ್ತು, ಅಷ್ಟು ಭಾರ ಹೊತ್ತು ಇಳಿಯಲು ಆಗುತ್ತಿತ್ತಾ? ಹಾಗಾಗಿ ಹೊರಗಿನ ಟ್ಯಾಂಕಿನದ್ದು ಮೊದಲು ಖರ್ಚಾಗುತ್ತಿತ್ತು. ಖಾಲಿಯಾಯ್ತು ಅಂತ ಸುಮ್ನೆ ಸಮುದ್ರಕ್ಕೆ ಎಸೆಯುತ್ತಿರಲಿಲ್ಲ, ಜೀವಕ್ಕೆ ಬಂದಾಗ ಮಾತ್ರ ಕಳಚುತ್ತಿದ್ದರು.

ನಾನು 190ರದ್ದು ಆರಿಸಿಕೊಂಡೆ. ನಿಜವಾದದ್ದು 864 ಲೀಟರ್ ಹಿಡಿಯುತ್ತಿತ್ತು. ಅದನ್ನು 72×72×72ರಿಂದ ಭಾಗಿಸಿದರೆ ಬರುವುದು 2.3 ಮಿಲಿಲೀಟರ್, ಅರ್ಧ ಟೀ ಚಮಚವೂ ಇಲ್ಲ!

ಎರಡು ಹೋಳು ಅಂಟಿಸಿ, ಸಂದಿಗೆ ಎಂ-ಸೀಲ್ ತುಂಬಿ, ನೀರು ಹಾಕಿ ಸ್ಯಾಂಡ್ ಪೇಪರ್ ಉಜ್ಜಿದೆ. ಬಣ್ಣ ಮಾತ್ರ ಬೆಳಗಿನ ಹೊತ್ತಲ್ಲೇ ಹಚ್ಚಬೇಕು. ಮೇ ತಿಂಗಳ ನಮ್ಮ ಬಿಸಿಲಿಗೆ ಅಕ್ರಿಲಿಕ್ ಬ್ರಷ್ ಮೇಲೇ ಒಣಗುತ್ತದೆ, ಕೂಲರ್ ಮುಂದೆ ಕೂತರೆ ದೂಳು ಮೆತ್ತಿಕೊಳ್ಳುತ್ತದೆ. ಟ್ಯಾಂಕಿನ ಬೂದು ಬಣ್ಣ ರೆಕ್ಕೆಯದಕ್ಕೆ ತಾಳೆಯಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ನಿಜವಾದ ವಿಮಾನಗಳಲ್ಲೂ ಒಂದರ ಟ್ಯಾಂಕ್ ಇನ್ನೊಂದಕ್ಕೆ ಹಾಕುವುದು ಇದ್ದದ್ದೇ.

ನಿಜವಾದ ಕಷ್ಟ ಜೋಡಣೆಯಲ್ಲಿ. ಹ್ಯಾರಿಯರ್ ರೆಕ್ಕೆ ತುದಿಯ ಕಡೆಗೆ ಕೆಳಕ್ಕೆ ಬಾಗಿರುತ್ತದೆ. ರೆಕ್ಕೆ ಕೆಳಗೆ ಟ್ಯಾಂಕ್ ಹಿಡಿಯುವ ಚಪ್ಪಟೆ ಕಂಬಕ್ಕೆ ಪೈಲಾನ್ ಅನ್ನುತ್ತಾರೆ, ಅದು ಮಾತ್ರ ನೆಲಕ್ಕೆ ನೇರ ಇಳಿಯಬೇಕು, ರೆಕ್ಕೆಗೆ ಲಂಬವಾಗಿ ಅಲ್ಲ. ರೆಕ್ಕೆ ನೋಡಿಕೊಂಡು ಅಂಟಿಸಿದರೆ ಎರಡೂ ಟ್ಯಾಂಕ್ ಓರೆಯಾಗುತ್ತವೆ, ಆಮೇಲೆ ಎಷ್ಟು ಚೆಂದ ಬಣ್ಣ ಬಳಿದರೂ ಮುಂದಿನಿಂದ ನೋಡಿದಾಗ ಅದೇ ಕಣ್ಣಿಗೆ ಚುಚ್ಚುತ್ತದೆ. ನಾನು ವಿಮಾನವನ್ನು ಎರಡು ಪುಸ್ತಕದ ಮೇಲೆ ಸಮನಾಗಿ ಇಟ್ಟು, ಹಿಂದೆ ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಟ್ಟೆ. ಮುಂದೆ ಕೂತು ಒಂದು ಕಣ್ಣು ಮುಚ್ಚಿ, ಪೈಲಾನ್ ಆ ದಾರಕ್ಕೆ ಸಮ ಆಗುವವರೆಗೆ ಅಲುಗಾಡಿಸಿದೆ. ಇಲ್ಲಿ ಫೆವಿಕ್ವಿಕ್ ಬೇಡ, ತಿದ್ದಲು ಸಮಯವೇ ಕೊಡುವುದಿಲ್ಲ. ನಿಧಾನಕ್ಕೆ ಹಿಡಿಯುವ ಗಮ್ ವಾಸಿ. ಟ್ಯಾಂಕನ್ನು ವಿಮಾನದ ಮೈಗೆ ಹತ್ತಿರದ ಪೈಲಾನಿಗೆ, ಮ್ಯಾಜಿಕ್ ಅನ್ನುವ ಕ್ಷಿಪಣಿಯನ್ನು ರೆಕ್ಕೆ ತುದಿಯ ಕಡೆಯದಕ್ಕೆ ಹಾಕಿ.

ಈಗ ಮೇಜಿನ ಮೇಲೆ ಅಮೆರಿಕ ನೌಕಾಪಡೆಯ ಯುದ್ಧವಿಮಾನ ಸೂಪರ್ ಹಾರ್ನೆಟ್ ಇದೆ. ಬೇರೆ ವಿಮಾನಕ್ಕೆ ಇಂಧನ ಕೊಡಲು ಹೊರಟಾಗ ಅದು 480 ಅಮೆರಿಕನ್ ಗ್ಯಾಲನ್ನಿನ ನಾಲ್ಕು ಟ್ಯಾಂಕ್ ರೆಕ್ಕೆ ಕೆಳಗೆ ಹೊತ್ತು, ಹೊಟ್ಟೆಯಡಿ ಇಂಧನ ಕೊಡುವ ಪಾಡ್ ಕಟ್ಟಿಕೊಳ್ಳುತ್ತದೆ. ಇದರ ಪೈಲಾನ್‌ಗಳು ಮೂತಿಯನ್ನು ಬೇಕಂತಲೇ ಹೊರಕ್ಕೆ ತಿರುಗಿಸಿಕೊಂಡಿವೆ, ಬಿಟ್ಟ ಬಾಂಬ್ ಪಕ್ಕದ್ದಕ್ಕೆ ತಾಗಬಾರದು ಅಂತ. ಹಾಗಾಗಿ ಈ ಸಲ ಮುಂದಿನಿಂದ ನೋಡಿದರೆ ಸಾಲದು, ವಿಮಾನ ಮಗುಚಿ ಹಾಕಿ ಹೊಟ್ಟೆ ಕಡೆಯಿಂದಲೂ ಸ್ಕೇಲ್ ಇಟ್ಟು ನೋಡಬೇಕು.