ಮರಗೆಲಸದ ಕೋಣೆಗೆ ತಕ್ಕ ದೀಪ ಆಯ್ದುಕೊಳ್ಳುವುದು ಹೇಗೆ?

ಹಿತ್ತಿಲಿನ ಶೆಡ್ಡಿನಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಹವ್ಯಾಸಕ್ಕೆಂದು ಮರಗೆಲಸ ಮಾಡುವವರು ಉಳಿ, ಗರಗಸ, ಡ್ರಿಲ್ಲುಗಳಿಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಬೆಳಕಿಗೆ ಮಾತ್ರ ಚಾವಣಿಯ ನಡುವೆ ಒಂದೇ ಟ್ಯೂಬ್‌ಲೈಟ್ ಹಾಕಿ ಸುಮ್ಮನಾಗುತ್ತಾರೆ. ಆ ದೀಪಕ್ಕೆ ಬೆನ್ನು ಮಾಡಿ ಗೋಡೆ ಬದಿಯ ಮೇಜಿನ ಮುಂದೆ ನಿಂತರೆ, ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ಜಾಗದ ಮೇಲೆಯೇ ತಲೆಯ ನೆರಳು ಬೀಳುತ್ತದೆ.

ಮೊದಲು ಕೋಣೆಯನ್ನು ಅಳೆಯಿರಿ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯೆಂದರೆ ಸುಮಾರು 11 ಚದರ ಮೀಟರ್. ದೀಪ ಕೊಡುವ ಒಟ್ಟು ಬೆಳಕನ್ನು ಲುಮೆನ್‌ನಲ್ಲಿ ಅಳೆಯುತ್ತಾರೆ; ಪ್ರತಿ ಚದರ ಮೀಟರಿಗೆ ಬೀಳುವ ಲುಮೆನ್‌ಗಳ ಸಂಖ್ಯೆಯನ್ನು ಲಕ್ಸ್ ಎನ್ನುತ್ತಾರೆ. ಒರಟು ಕೆಲಸಕ್ಕೆ 300 ಲಕ್ಸ್ ಸಾಕು. ಗುರುತು ಹಾಕಿ ಕೂಡುಗಳನ್ನು ಕೊರೆಯುವುದಕ್ಕೆ 500 ಬೇಕು. ಗೋಡೆ ಹೀರಿಕೊಳ್ಳುವುದು ಮತ್ತು ದೂಳು ತಡೆಯುವುದು ಕಳೆದು ನೂರಕ್ಕೆ ಅರವತ್ತು ಪಾಲು ಬೆಳಕು ಮೇಜನ್ನು ತಲುಪುತ್ತದೆ ಎಂದುಕೊಂಡರೆ, 300 ಲಕ್ಸ್‌ಗೆ 5,500 ಲುಮೆನ್, 500 ಲಕ್ಸ್‌ಗೆ 9,200 ಲುಮೆನ್‌ ಬೇಕಾಗುತ್ತದೆ. 20 ವ್ಯಾಟ್‌ನ ನಾಲ್ಕಡಿ ಎಲ್‌ಇಡಿ ಬ್ಯಾಟನ್ (ಉದ್ದ ಪಟ್ಟಿಯಂಥ ದೀಪ) ಸಾಮಾನ್ಯವಾಗಿ 2,000 ಲುಮೆನ್ ಕೊಡುತ್ತದೆ. ಇಡೀ ಕೋಣೆಯನ್ನು 500 ಲಕ್ಸ್‌ಗೆ ಏರಿಸಲು ಐದು ದೀಪ ಹಾಕುವುದಕ್ಕಿಂತ, ಚಾವಣಿಗೆ ನಾಲ್ಕು ಹಾಕಿ, ಮೇಜಿಗೆ ಬಾಗಿಸಬಹುದಾದ ಪುಟ್ಟ ದೀಪವೊಂದನ್ನು ಕೊಡುವುದು ಮೇಲು.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಲುಮೆನ್ ಸಂಖ್ಯೆಯನ್ನು ವ್ಯಾಟಿನಿಂದ ಭಾಗಿಸಿ. 100ಕ್ಕಿಂತ ಕಡಿಮೆ ಬಂದರೆ ಬೇರೆಯದನ್ನು ಕೇಳಿ. ಬಣ್ಣ ತೋರುವ ಗುಣವನ್ನು ಹೇಳುವ ಸಿಆರ್‌ಐ ಕನಿಷ್ಠ 80 ಇರಲಿ, ಪಾಲಿಶ್ ಹಚ್ಚುವವರಿಗೆ 90 ಇದ್ದರೆ ಒಳ್ಳೆಯದು. ಬೆಳಕಿನ ಬಣ್ಣದ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 6,500 ಕೆಲ್ವಿನ್‌ನ ನೀಲಿಛಾಯೆಯ ಬಿಳಿಗಿಂತ 4,000 ಕೆಲ್ವಿನ್‌ನ ಬೆಳಕಿನಲ್ಲಿ ತೇಗ, ಹಲಸಿನ ಮರಗಳ ಬಣ್ಣ ಸಹಜವಾಗಿ ಕಾಣುತ್ತದೆ.

ತಿರುಗುವ ಯಂತ್ರವಿರುವ ಕಡೆ ಅತಿ ಮುಖ್ಯವಾಗಿ ನೋಡಬೇಕಾದದ್ದು ಮಿನುಗು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು; ಎಲ್‌ಇಡಿಗೆ ತಕ್ಕಂತೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಡ್ರೈವರ್ ಕಳಪೆಯಾಗಿದ್ದರೆ ದೀಪದ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಮರವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರಕ್ಕೆ ಕಟ್ಟಿದ ಚೌಕ ಮರದ ತುಂಡು ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ, ಒಂದು ಮಿನುಗಿನಿಂದ ಇನ್ನೊಂದಕ್ಕೆ ಸರಿಯಾಗಿ ಕಾಲು ಸುತ್ತು ಹೋಗಿರುತ್ತದೆ; ನಾಲ್ಕೂ ಬದಿ ಒಂದೇ ರೀತಿ ಇರುವುದರಿಂದ ಅದು ನಿಂತೇ ಇದೆಯೆಂದು ಕಣ್ಣು ನಂಬುತ್ತದೆ, ಕೈ ಮುಂದೆ ಚಾಚುತ್ತದೆ. ಆದ್ದರಿಂದ ಅಂಗಡಿಯಲ್ಲೇ ದೀಪ ಹೊತ್ತಿಸಿ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಎದ್ದು ಕಂಡರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ದೀಪ ಬೇಡ.

ಅಳವಡಿಸುವಾಗ ಎರಡು ಸಾಲು ಮಾಡಿ, ಒಂದು ಸಾಲು ಮೇಜಿನ ಮುಂದಿನ ಅಂಚಿನ ನೇರಕ್ಕೆ ಬರಲಿ. ಆಗ ಬೆಳಕು ಬೆನ್ನ ಹಿಂದಿನಿಂದ ಬರುವುದಿಲ್ಲ. ತಗಡಿನ ಚಾವಣಿ ಬಹಳ ಎತ್ತರವಿದ್ದರೆ ಸರಪಳಿಯಿಂದ ಇಳಿಬಿಡಿ. ಚಾವಣಿ, ಗೋಡೆಗಳಿಗೆ ಬಿಳಿ ಸುಣ್ಣ ಬಳಿದರೆ ಅದೇ ದೀಪ ಹೆಚ್ಚು ಬೆಳಕು ಕೊಡುತ್ತದೆ. ಹಳೆಯ ಟ್ಯೂಬ್‌ಲೈಟಿನ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಹಾಕುವ ಆಲೋಚನೆಯಿದ್ದರೆ, ಅದರ ಜೊತೆಗೆ ಬರುವ ಸೂಚನೆಯಂತೆ ಚೋಕ್, ಸ್ಟಾರ್ಟರ್‌ಗಳನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಸರಿಪಡಿಸಿಕೊಳ್ಳಿ. ಎರಡು ಸಾಲಿಗೂ ಬೇರೆ ಬೇರೆ ಸ್ವಿಚ್ ಇರಲಿ. ನಾಲ್ಕೂ ದೀಪ ದಿನಕ್ಕೆ ಮೂರು ಗಂಟೆ ಉರಿದರೂ ತಿಂಗಳಿಗೆ ಏಳು ಯೂನಿಟ್ಟಿನ ಆಸುಪಾಸು. ಮೇಜಿನ ಸಾಲಷ್ಟೇ ಉರಿದರೆ ಅದರ ಅರ್ಧ.