‘ಪ್ಯಾಲಿಸೇಡ್ಸ್’ ಪದವನ್ನು ನಾನು ಕಲಿಸುವ ಬಗೆ

ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ‘ಪ್ಯಾಲಿಸೇಡ್ಸ್’ ಎಂಬ ಪದ ಬಂದಾಗ ‘ಕಡಿದಾದ ಬಂಡೆಗಳು’ ಎಂದು ಅರ್ಥ ಬರೆಸಿ ಮುಂದಕ್ಕೆ ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಷ್ಟನ್ನೇ ಬರೆದುಕೊಂಡ ಮಕ್ಕಳಿಗೆ ಸಾವನದುರ್ಗವೂ ಪ್ಯಾಲಿಸೇಡ್ಸ್ ಆಗಿಬಿಡುತ್ತದೆ. ಅದು ಒಂಟಿ ಹೆಬ್ಬಂಡೆ. ಈ ಪದಕ್ಕೆ ಬೇಕಾದದ್ದು ಸಾಲು.

ಆದ್ದರಿಂದ ಏಕವಚನದಿಂದ ಆರಂಭಿಸುತ್ತೇನೆ. ‘ಪ್ಯಾಲಿಸೇಡ್’ ಎಂದರೆ ಚೂಪಾದ ಗೂಟಗಳನ್ನು ಒತ್ತೊತ್ತಾಗಿ ನೆಟ್ಟು ಕಟ್ಟಿದ ಕಾವಲು ಬೇಲಿ. ಗೂಟವನ್ನು ಹೇಳುವ ಲ್ಯಾಟಿನ್ ಪದ ಫ್ರೆಂಚ್ ಹಾದಿಯಾಗಿ ಇಂಗ್ಲಿಷಿಗೆ ಬಂತು. ಕರಿಹಲಗೆಯ ಮೇಲೆ ಗೂಟಗಳ ಸಾಲನ್ನು ಬರೆದು, ಬುಡದಲ್ಲಿ ಒಂದು ನದಿಯನ್ನು ಎಳೆಯುತ್ತೇನೆ. ಅದು ಅಮೆರಿಕದ ಹಡ್ಸನ್ ನದಿ. ಅದರ ಪಶ್ಚಿಮ ದಡದಲ್ಲಿ ಉದ್ದಕ್ಕೆ ನಿಂತ ಬಂಡೆಗೋಡೆಗೇ ಈ ಹೆಸರು. ಸುಮಾರು 20 ಕೋಟಿ ವರ್ಷಗಳ ಹಿಂದೆ ನೆಲದಡಿಯ ಪದರಗಳ ನಡುವೆ ನುಗ್ಗಿದ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಆರುತ್ತಾ ಕುಗ್ಗಿತು, ಕುಗ್ಗುತ್ತಾ ಉದ್ದುದ್ದ ಬಿರಿಯಿತು. ಆ ಬಿರುಕುಗಳ ನಡುವೆ ಉಳಿದ ಕಂಬಗಳೇ ದೂರಕ್ಕೆ ಗೂಟದ ಬೇಲಿಯಾಗಿ ಕಾಣುತ್ತವೆ.

ಕಂಬ ಎಂದರೆ ಹೇಗಿರುತ್ತದೆ ಎಂಬುದಕ್ಕೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಚಿತ್ರಗಳನ್ನು ತೋರಿಸುತ್ತೇನೆ. ಪ್ರವಾಸ ಹೋಗಿಬಂದ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಕಲ್ಲಿನ ತಲೆಯ ಮೂಲೆಗಳನ್ನು ಚಿತ್ರದ ಮೇಲೆ ಬೆರಳಿಟ್ಟು ಎಣಿಸಲು ಹೇಳುತ್ತೇನೆ: ಒಂದಕ್ಕೆ ಐದು, ಪಕ್ಕದ್ದಕ್ಕೆ ಆರು. ಅಷ್ಟಾದ ಮೇಲೆ ಆ ಪದ ಅವರ ನೆನಪಿನಿಂದ ಜಾರುವುದಿಲ್ಲ.

ಆದರೆ ಕಂಬ ಇರಲೇಬೇಕೆಂದಿಲ್ಲ. 2025ರ ಜನವರಿಯಲ್ಲಿ ಕಾಳ್ಗಿಚ್ಚಿಗೆ ತುತ್ತಾದ ಲಾಸ್ ಏಂಜಲೀಸಿನ ಪೆಸಿಫಿಕ್ ಪ್ಯಾಲಿಸೇಡ್ಸ್ ಬಡಾವಣೆಯ ಹೆಸರಲ್ಲಿರುವುದು ಕಡಲಂಚಿನ ಕಡಿದಾದ ದಿಣ್ಣೆಗಳು. ಸಾಲಾಗಿರಬೇಕು, ಕಡಿದಾಗಿರಬೇಕು, ಬುಡದಲ್ಲಿ ಸಾಮಾನ್ಯವಾಗಿ ನೀರಿರುತ್ತದೆ. ಬಳಕೆಗೆ ಇಷ್ಟು ಸಾಕು. ಬಂಡೆಸಾಲು ಎಂಬ ಅರ್ಥದಲ್ಲಿ ಪದ ಬಹುವಚನದಲ್ಲೇ ಬರುವುದರಿಂದ ಕ್ರಿಯಾಪದವೂ ಬಹುವಚನ. ಬಡಾವಣೆಯ ಹೆಸರಾದಾಗ ಮಾತ್ರ ಏಕವಚನ. ಒಂದೇ ಕಡಿಬಂಡೆಗೆ ‘ಕ್ಲಿಫ್’ ಸಾಕು. ನಂದಿಬೆಟ್ಟದ ಟಿಪ್ಪು ಡ್ರಾಪ್‌ನಂತೆ ಮೇಲೆ ನಿಂತು ಬಗ್ಗಿದರೆ ಎದೆ ಝಲ್ಲೆನ್ನುವ ಅಂಚಿಗೆ ‘ಪ್ರೆಸಿಪಿಸ್’ ಹೆಚ್ಚು ಒಪ್ಪುತ್ತದೆ.

ಕೊನೆಗೆ ಸ್ವಂತ ವಾಕ್ಯ ಬರೆಸುತ್ತೇನೆ. ಷರತ್ತು ಒಂದೇ: ಬಂಡೆಗಳ ಬುಡದಲ್ಲಿ ಏನಿದೆ ಎಂಬುದು ಆ ವಾಕ್ಯದಲ್ಲೇ ಬರಬೇಕು.